ಬೇಲಿ ದಾಟುವ ಪ್ರೀತಿ: ಈ ಮಳೆಗಾಲಕ್ಕೆ ಯಾವ ಕತ್ತಲ ಕಥೆ ಆರಿಸಿಕೊಳ್ಳಬೇಕು?

ಜೂನ್ ಬಂತೆಂದರೆ ನಮ್ಮ ಮನೆಗೆ ಪುಸ್ತಕ ಕೇಳಿಕೊಂಡು ಬರುವವರು ಜಾಸ್ತಿಯಾಗುತ್ತಾರೆ. ಕೊಡಗಿನ ಸುಂಟಿಕೊಪ್ಪದಿಂದ ಸ್ವಲ್ಪ ಒಳಗೆ, ತೋಟದ ನಡುವೆ ನಮ್ಮ ಮನೆ. ಜಗಲಿಯಲ್ಲಿ ಒಂದು ಹಳೆಯ ಬೀಟೆ ಮರದ ಕಪಾಟಿದೆ. ಇಪ್ಪತ್ತು ವರ್ಷದಿಂದ ಕೂಡಿಟ್ಟ ಪುಸ್ತಕಗಳೆಲ್ಲ ಅದರಲ್ಲಿವೆ. ಕಕ್ಕಡದಲ್ಲಿ, ಅಂದರೆ ನಮ್ಮ ಜೋರು ಮಳೆಯ ತಿಂಗಳಲ್ಲಿ, ಮಳೆ ಹಿಡಿದರೆ ನಾಲ್ಕೈದು ದಿನ ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ, ತೋಟದಲ್ಲಿ ಕೆಲಸವೂ ಇಲ್ಲ. ಆಗ ಕೈಯಲ್ಲಿ ಒಂದು ದಪ್ಪ ಪುಸ್ತಕ ಇದ್ದರೆ ದಿನ ಹೋದದ್ದೇ ಗೊತ್ತಾಗುವುದಿಲ್ಲ.

ಈ ಸಲ ಒಂದೇ ವಾರದಲ್ಲಿ ಮೂವರು ಬಂದರು. ವಿರಾಜಪೇಟೆಯಲ್ಲಿ ಡಿಗ್ರಿ ಓದುವ ಅಕ್ಕನ ಮಗಳು, ಪಕ್ಕದ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಅಣ್ಣ, ಸೈನ್ಯದಿಂದ ನಿವೃತ್ತರಾಗಿ ಊರಿಗೆ ಬಂದ ನಮ್ಮ ಮಾವ. ಕೇಳಿದ ಮಾತು ಬೇರೆ ಬೇರೆ, ಬೇಕಾಗಿದ್ದು ಮಾತ್ರ ಹೆಚ್ಚುಕಮ್ಮಿ ಒಂದೇ. ರಾಜ್ಯ, ಯುದ್ಧ, ಮಾಟಮಂತ್ರ ಇರುವ ದೊಡ್ಡ ಕಥೆ. ಸಿಹಿ ಕಥೆಯಲ್ಲ, ಕತ್ತಲಿರುವ ಕಥೆ. ನಡುವೆ ಆಗಬಾರದ ಒಂದು ಪ್ರೀತಿ. ಇಂಥ ಪುಸ್ತಕಗಳು ಈಗ ಅಂಗಡಿ ತುಂಬ ಇವೆ. ಎಲ್ಲದರ ಹಿಂಬದಿಯಲ್ಲೂ ಅದೇ ಹೊಗಳಿಕೆ. ಆರಿಸುವುದು ಹೇಗೆ?

ಮೂವರಿಗೂ ಒಂದೇ ಪುಸ್ತಕ ಕೊಡಲು ನನ್ನಿಂದ ಆಗಲಿಲ್ಲ. ನಾನು ಓದಿದ ಆರು ಕೃತಿಗಳನ್ನು ಮುಂದಿಟ್ಟುಕೊಂಡು, ಯಾರಿಗೆ ಯಾವುದು, ಯಾಕೆ ಅಂತ ಇಲ್ಲಿ ಬರೆದಿದ್ದೇನೆ. ಕಥೆಯ ಕೊನೆಯನ್ನು ಎಲ್ಲೂ ಬಿಟ್ಟುಕೊಟ್ಟಿಲ್ಲ. ಯಶೋಧರನ ಕಥೆ ಒಂದು ಮಾತ್ರ ಬೇರೆ, ಅದನ್ನು 800 ವರ್ಷದಿಂದ ಹೇಳಿಕೊಂಡೇ ಬಂದಿದ್ದಾರೆ.

ಮೊದಲು ಏನನ್ನು ನೋಡಬೇಕು?

ನಾನು ಎಲ್ಲಕ್ಕಿಂತ ಮೊದಲು ನೋಡುವುದು ಬೇಲಿಯನ್ನು. ಆನೆ ಬರುವ ತೋಟಗಳಿಗೆ ನಮ್ಮಲ್ಲಿ ಸೋಲಾರ್ ಬೇಲಿ ಹಾಕುತ್ತಾರಲ್ಲ, ಅದೇ. ಬ್ಯಾಟರಿ ಸತ್ತ ಬೇಲಿ ಯಾವುದು ಅಂತ ಆನೆಗೆ ಬೇಗ ತಿಳಿದುಬಿಡುತ್ತದೆ, ಅದು ಸುಮ್ನೆ ತುಳಿದುಕೊಂಡು ಬರುತ್ತದೆ. ಕರೆಂಟ್ ಹರಿಯುವ ಬೇಲಿಯಾದರೆ ಹಾಗಲ್ಲ. ಆನೆ ನಿಲ್ಲುತ್ತದೆ, ಯೋಚಿಸುತ್ತದೆ. ಕೊನೆಗೆ ಒಂದು ಮರವನ್ನು ತಂತಿಯ ಮೇಲೆ ಕೆಡವಿ ದಾಟುತ್ತದೆ. ಬೆಳಗ್ಗೆ ಹೋಗಿ ನೋಡಿದರೆ ಸಿಲ್ವರ್ ಮರ ತಂತಿಗೆ ಅಡ್ಡ ಬಿದ್ದಿರುತ್ತದೆ. ಆಚೆ ಕೆಸರಿನಲ್ಲಿ ಊಟದ ತಟ್ಟೆಯಷ್ಟು ಅಗಲದ ಹೆಜ್ಜೆ, ಹೆಜ್ಜೆಯೊಳಗೆ ಮಳೆನೀರು, ಎರಡೂ ಕಡೆ ಮುರಿದ ಕಾಫಿ ಗಿಡ. ಆಗಬಾರದ ಪ್ರೀತಿಯ ಕಥೆಯಲ್ಲಿ ನನಗೆ ಇದೆಲ್ಲ ಬೇಕು. ಬೇಲಿಗೆ ಕರೆಂಟ್ ಇರಬೇಕು. ಇಬ್ಬರೂ ಅದರ ಮುಂದೆ ನಿಂತು ಹೆದರಬೇಕು. ದಾಟಿದ ಮೇಲೆ ಏನೇನು ಮುರಿಯಿತು ಅಂತ ಕಣ್ಣಿಗೆ ಕಾಣಬೇಕು. ಎಷ್ಟೋ ಪುಸ್ತಕಗಳಲ್ಲಿ ಹುಡುಗ ಹುಡುಗಿ ಸೇರಬಾರದು ಅಂತ ಹಿಂಬದಿಯಲ್ಲಿ ಬರೆದಿರುತ್ತದೆ. ಒಳಗೆ ಅವರನ್ನು ತಡೆಯುವವರು ಯಾರೂ ಇರುವುದಿಲ್ಲ.

ಎರಡನೆಯದು ಕತ್ತಲಿನ ಬಗೆ. ಕತ್ತಲು ಅಂದರೆ ಎಲ್ಲ ಒಂದೇ ಅಲ್ಲ. ಯುದ್ಧದ ರಕ್ತ ಒಂದು, ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯ ಇನ್ನೊಂದು, ವಿಧಿಯಿಂದ ತಪ್ಪಿಸಿಕೊಳ್ಳಲಾಗದ ಸಂಕಟ ಮತ್ತೊಂದು. ಒಂದನ್ನು ತಡೆದುಕೊಳ್ಳುವವರಿಗೆ ಇನ್ನೊಂದು ಆಗದಿರಬಹುದು. ಮೂರನೆಯದು, ಕಥೆ ಮುಗಿದಿದೆಯೋ ಇಲ್ಲವೋ. ಇದು ಮೇಲ್ನೋಟಕ್ಕೆ ಕಾಣುವುದಕ್ಕಿಂತ ದೊಡ್ಡ ವಿಷಯ. ಆಮೇಲೆ ಇಂಗ್ಲಿಷ್ ಎಷ್ಟು ಕಷ್ಟ, ಎಷ್ಟು ಹೆಸರು ನೆನಪಿಡಬೇಕು ಅನ್ನುವುದು. ಕೊನೆಯದು ಖರ್ಚು. ಒಂದು ಪುಸ್ತಕದಲ್ಲಿ ಮುಗಿಯುತ್ತದೋ, ಮೂರು ಕೊಳ್ಳಬೇಕೋ, ಏಳು ಕೊಳ್ಳಬೇಕೋ?

ದಿ ಜಾಸ್ಮಿನ್ ಥ್ರೋನ್

ತಾಷಾ ಸೂರಿ ಬರೆದ ಈ ಕಾದಂಬರಿ 2021ರಲ್ಲಿ ಬಂತು. ಎರಡನೆಯ ಭಾಗ 'ದಿ ಓಲಿಯಾಂಡರ್ ಸ್ವೋರ್ಡ್' 2022ರಲ್ಲಿ, ಮೂರನೆಯದು 'ದಿ ಲೋಟಸ್ ಎಂಪೈರ್' 2024ರಲ್ಲಿ. ಮೊದಲ ಭಾಗಕ್ಕೆ ವರ್ಲ್ಡ್ ಫ್ಯಾಂಟಸಿ ಪ್ರಶಸ್ತಿ ಸಿಕ್ಕಿದೆ. ಯಾವುದನ್ನೂ ಓದಿರದವರು ಒಂದೇ ಒಂದು ಹೆಸರು ಹೇಳಿ ಅಂದರೆ ನಾನು ಹೇಳುವುದು ಇದನ್ನೇ.

ಮಾಲಿನಿ ಒಬ್ಬ ರಾಜಕುಮಾರಿ. ಅವಳ ಅಣ್ಣನೇ ಚಕ್ರವರ್ತಿ. ಅವನು ಅವಳನ್ನು ಚಿತೆಗೆ ಏರು ಅನ್ನುತ್ತಾನೆ, ಅವಳು ಒಲ್ಲೆ ಅನ್ನುತ್ತಾಳೆ. ಅದಕ್ಕೆ ದೂರದ ನಾಡಿನ, ಹಾಳುಬಿದ್ದ ಒಂದು ದೇವಸ್ಥಾನದಲ್ಲಿ ಅವಳನ್ನು ಸೆರೆ ಇಡುತ್ತಾರೆ, ದಿನಾ ವಿಷ ಕುಡಿಸುತ್ತಾರೆ. ಅಲ್ಲಿಗೆ ಕೆಲಸಕ್ಕೆ ಬರುವ ಹುಡುಗಿ ಪ್ರಿಯಾ. ಅದೇ ದೇವಸ್ಥಾನದಲ್ಲಿ ಬೆಳೆದ ಮಕ್ಕಳನ್ನು ಹಿಂದೆ ಬೆಂಕಿಗೆ ಆಹುತಿ ಮಾಡಿದ್ದರು, ಅದರಲ್ಲಿ ಬದುಕಿ ಉಳಿದವಳು ಅವಳು. ಪ್ರೀತಿ ಹುಟ್ಟುವುದು ಈ ಇಬ್ಬರು ಹೆಣ್ಣುಮಕ್ಕಳ ನಡುವೆ.

ಇಲ್ಲಿ ಬೇಲಿ ಒಂದಲ್ಲ, ಮೂರು ಸುತ್ತು ಇದೆ. ಒಬ್ಬಳು ಒಡತಿ, ಒಬ್ಬಳು ಕೆಲಸದವಳು. ಒಬ್ಬಳು ಗೆದ್ದ ಸಾಮ್ರಾಜ್ಯದವಳು, ಇನ್ನೊಬ್ಬಳ ನಾಡು ಅದರ ಕಾಲ ಕೆಳಗಿದೆ. ಮೂರನೆಯ ಸುತ್ತು ಎಲ್ಲಕ್ಕಿಂತ ಗಟ್ಟಿ. ಇಬ್ಬರಿಗೂ ಒಬ್ಬರಿಂದ ಒಬ್ಬರಿಗೆ ಕೆಲಸ ಆಗಬೇಕಿದೆ. ಹಾಗಾಗಿ ಇದು ಪ್ರೀತಿಯೋ, ಉಪಯೋಗಿಸಿಕೊಳ್ಳುತ್ತಿರುವುದೋ ಅನ್ನುವ ಅನುಮಾನ ಕೊನೆಯವರೆಗೂ ಹೋಗುವುದಿಲ್ಲ. ಓದುವಾಗ ನನಗೆ ಮಾಸ್ತಿಯವರ 'ಚಿಕವೀರ ರಾಜೇಂದ್ರ' ಮತ್ತೆ ಮತ್ತೆ ನೆನಪಾಯಿತು. ಒಡಹುಟ್ಟಿದವಳನ್ನೇ ಸೆರೆಯಲ್ಲಿಟ್ಟ ಅರಸನ ಕಥೆ ಕೊಡಗಿನವರಿಗೆ ಹೊಸದಲ್ಲ ಅಲ್ವಾ.

ಇನ್ನೊಂದು ವಿಷಯ ನಮ್ಮವರಿಗೆ ಹತ್ತಿರವಾಗುವಂಥದ್ದು. ಈ ಕಥೆಯಲ್ಲಿ ಒಂದು ಕೊಳೆ ಹರಡುತ್ತದೆ. ಮೊದಲು ಬೆಳೆಗೆ, ಆಮೇಲೆ ಮನುಷ್ಯರಿಗೆ. ಮೈಯಲ್ಲಿ ಗಿಡ ಚಿಗುರುತ್ತದೆ. ನಾನು ಈ ಭಾಗ ಓದಿದ್ದು ಜುಲೈ ಕೊನೆಯಲ್ಲಿ. ಹೊರಗೆ ತೋಟದಲ್ಲಿ ಕಾಫಿಗೆ ಕೊಳೆರೋಗ ಬಂದಿತ್ತು. ನಮ್ಮ ಈ ಕನ್ನಡ ಹೆಸರನ್ನೇ ವಿಜ್ಞಾನದ ಇಂಗ್ಲಿಷ್ ಪುಸ್ತಕಗಳಲ್ಲೂ ಬಳಸುತ್ತಾರೆ. ಎಲೆ ಕಪ್ಪಾಗಿ ಕೊಂಬೆಯಿಂದ ಕಳಚುತ್ತದೆ, ಆದರೆ ನೆಲಕ್ಕೆ ಬೀಳುವುದಿಲ್ಲ. ಬೂಷ್ಟಿನ ಒಂದು ಎಳೆಯಲ್ಲಿ ನೇತಾಡುತ್ತಾ ಇರುತ್ತದೆ. ಬೆರಳಲ್ಲಿ ಮುಟ್ಟಿದರೆ ಅಂಟಂಟು. ಅದನ್ನು ನೋಡಿ ಬಂದು ಪುಸ್ತಕ ತೆರೆದಾಗ ಕೈ ನಡುಗಿತು.

ಮೊದಲ ನೂರು ಪುಟ ನಿಧಾನ. ನೋಟ ಒಬ್ಬರಿಂದ ಒಬ್ಬರಿಗೆ ಹಾರುತ್ತಾ ಇರುತ್ತದೆ. ಯುದ್ಧ ಬೇಕು ಅನ್ನುವವರು ಎರಡನೆಯ ಭಾಗದವರೆಗೆ ಕಾಯಬೇಕು. ಹೆಸರುಗಳು ಮಾತ್ರ ನಮ್ಮವೇ. ಯಕ್ಷ, ಭೂಮಿಕಾ, ಚಂದ್ರ ಅಂತ ಬಂದಾಗ ನಾಲಿಗೆ ತೊಡರುವುದಿಲ್ಲ. ಬೆಂಕಿಯಲ್ಲಿ ಸುಡುವ ದೃಶ್ಯಗಳು ಮನಸ್ಸು ಕೆಡಿಸುತ್ತವೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಎ ಸಾಂಗ್ ಆಫ್ ಐಸ್ ಅಂಡ್ ಫೈರ್

ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ಈ ಸರಣಿಯ ಮೊದಲ ಪುಸ್ತಕ 1996ರದ್ದು, ಐದನೆಯದು 2011ರದ್ದು. ಒಟ್ಟು ಏಳು ಅಂತ ಅವರ ಲೆಕ್ಕ. ಆರನೆಯದು ಇನ್ನೂ ಬಂದಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಪೇಪರ್‌ಬ್ಯಾಕಿನಲ್ಲಿ ಮೂರನೆಯ ಮತ್ತು ಐದನೆಯ ಪುಸ್ತಕಗಳನ್ನು ಎರಡೆರಡು ಸಂಪುಟ ಮಾಡಿ, ಏಳು ಸಂಪುಟದ ಪೆಟ್ಟಿಗೆಯಾಗಿ ಮಾರುತ್ತಾರೆ. ಏಳೂ ಇದೆ, ಕಥೆ ಮುಗಿದಿದೆ ಅಂದುಕೊಂಡು ಕೊಳ್ಳುವವರಿದ್ದಾರೆ. ಮುಗಿದಿಲ್ಲ.

ಕತ್ತಲು ಬೇಕಾದರೆ ಇದಕ್ಕಿಂತ ದೊಡ್ಡ ಕತ್ತಲು ಈ ಪಟ್ಟಿಯಲ್ಲಿಲ್ಲ. ಒಳ್ಳೆಯವರು ಸಾಯುತ್ತಾರೆ, ಮಕ್ಕಳಿಗೂ ರಕ್ಷೆಯಿಲ್ಲ, ಹೆಂಗಸರ ಮೇಲಿನ ದೌರ್ಜನ್ಯ ಮತ್ತೆ ಮತ್ತೆ ಬರುತ್ತದೆ. ಪ್ರೀತಿಯ ಕಥೆ ಅಂತ ಹುಡುಕಿಕೊಂಡು ಹೋದರೆ ನಿರಾಸೆಯೇ. ಪ್ರೀತಿ ಇಲ್ಲಿ ನೂರು ಎಳೆಗಳಲ್ಲಿ ಒಂದು. ಆದರೆ ಇರುವಷ್ಟು ಪ್ರೀತಿಗೆ ಬೇಲಿ ಬಹಳ ಗಟ್ಟಿ. ಜಾನ್ ಸ್ನೋ ಅನ್ನುವ ಹುಡುಗ ಗಡಿ ಕಾಯುವ ಪಡೆಗೆ ಸೇರುವಾಗ, ಹೆಂಡತಿ ಬೇಡ, ಭೂಮಿ ಬೇಡ, ಮಕ್ಕಳು ಬೇಡ ಅಂತ ಪ್ರಮಾಣ ಮಾಡಿರುತ್ತಾನೆ. ಅವನ ಮನಸ್ಸು ಹೋಗುವುದು ಆ ಗಡಿಗೋಡೆಯ ಆಚೆಯ ಇಗ್ರಿಟ್ ಅನ್ನುವ ಹುಡುಗಿಯ ಮೇಲೆ, ಅಂದರೆ ಯಾರ ವಿರುದ್ಧ ಕಾವಲು ನಿಂತಿದ್ದಾನೋ ಅವರವಳ ಮೇಲೆ. ಇನ್ನೊಂದು ಕಡೆ ಒಬ್ಬ ಎಳೆಯ ಅರಸ ಒಂದು ಮನೆತನಕ್ಕೆ ಮದುವೆಯ ಮಾತು ಕೊಟ್ಟು, ಬೇರೆ ಹುಡುಗಿಯನ್ನು ಮದುವೆಯಾಗುತ್ತಾನೆ. ಮಾತು ಮುರಿದ ಮದುವೆಯಿಂದ ಎರಡು ಮನೆಗಳ ನಡುವೆ ಏನಾಗುತ್ತದೆ ಅಂತ ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಾರ್ಟಿನ್ ಅದರ ಬೆಲೆಯನ್ನು ಪೂರ್ತಿ ವಸೂಲಿ ಮಾಡುತ್ತಾರೆ.

ಇಂಗ್ಲಿಷ್ ಅಷ್ಟು ಕಷ್ಟವಿಲ್ಲ, ಹೆಸರುಗಳದ್ದೇ ಕಷ್ಟ. ಪ್ರತಿ ಅಧ್ಯಾಯಕ್ಕೂ ಅದನ್ನು ಯಾರ ಕಣ್ಣಲ್ಲಿ ನೋಡುತ್ತೇವೋ ಅವರ ಹೆಸರೇ ಇರುತ್ತದೆ, ಅದೊಂದು ಆಸರೆ. ಅಕ್ಷರ ಸಣ್ಣದು. ಮಾವನಂಥವರು ಚೀಟಿಯಲ್ಲಿ ಮನೆತನಗಳ ಹೆಸರು ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಫೋರ್ತ್ ವಿಂಗ್

ಅಕ್ಕನ ಮಗಳು ಮೊದಲು ಕೇಳಿದ್ದು ಇದನ್ನೇ. ಅವಳ ಹಾಸ್ಟೆಲಿನಲ್ಲಿ ಎಲ್ಲರೂ ಓದಿದ್ದಾರಂತೆ. ರೆಬೆಕಾ ಯಾರೋಸ್ ಬರೆದದ್ದು, 2023ರಲ್ಲಿ ಬಂತು. ಎರಡನೆಯದು ಅದೇ ವರ್ಷ ಬಂತು, ಮೂರನೆಯದು 2025ರ ಜನವರಿಯಲ್ಲಿ. ಐದು ಪುಸ್ತಕಗಳ ಯೋಜನೆ.

ವಯಲೆಟ್ ಪುಸ್ತಕದ ನಡುವೆ ಇರಬೇಕೆಂದಿದ್ದ ಹುಡುಗಿ. ಅವಳ ತಾಯಿ ಜನರಲ್. ತಾಯಿಯ ಹಟಕ್ಕೆ ಡ್ರ್ಯಾಗನ್ ಸವಾರರ ಯುದ್ಧಶಾಲೆಗೆ ಸೇರಬೇಕಾಗುತ್ತದೆ. ಅಲ್ಲಿ ಇರುವ ಜೇಡನ್ ಅನ್ನುವವನ ಅಪ್ಪ ದಂಗೆ ಎದ್ದವನು, ಅವನ ಮರಣದಂಡನೆಗೆ ವಯಲೆಟ್‌ನ ತಾಯಿಯೇ ಕಾರಣ. ಮೊದಲ ದೃಶ್ಯದಲ್ಲೇ ಮಳೆಯಲ್ಲಿ ನೆನೆದ, ಕಾಲಗಲದ ಕಲ್ಲಿನ ಸೇತುವೆ ಮೇಲೆ ನಡೆಯಬೇಕು. ಜಾರಿದರೆ ಸಾವು. ಆ ಮೊದಲ ಐವತ್ತು ಪುಟ ಕೈ ಬಿಡುವುದಿಲ್ಲ. ಲೇಖಕಿ ಸೈನ್ಯದ ಮನೆಯಲ್ಲಿ ಬೆಳೆದವರು. ಪೆರೇಡು, ಸೀನಿಯರ್ ಜೂನಿಯರ್ ಲೆಕ್ಕ, ಹೆತ್ತವರ ರ‍್ಯಾಂಕಿನ ಭಾರ ಮಕ್ಕಳ ಹೆಗಲ ಮೇಲೆ ಬೀಳುವುದು, ಇದೆಲ್ಲ ನಿಜದಂತೆ ಬಂದಿದೆ. ಸೈನ್ಯಕ್ಕೆ ಮಕ್ಕಳನ್ನು ಕಳಿಸಿದ ನಮ್ಮ ಮನೆಗಳಿಗೆ ಅದು ತಕ್ಷಣ ಗೊತ್ತಾಗುತ್ತದೆ.

ಆದರೆ ಬೇಲಿ? ಶುರುವಿನಲ್ಲಿ ಕರೆಂಟ್ ಇದೆ. ಆಮೇಲೆ ಅವರಿಬ್ಬರ ಡ್ರ್ಯಾಗನ್‌ಗಳೇ ಜೋಡಿ ಅಂತ ಗೊತ್ತಾಗುತ್ತದೆ. ಅವು ಜಾಸ್ತಿ ದಿನ ಅಗಲಿ ಇರುವ ಹಾಗಿಲ್ಲ, ಹಾಗಾಗಿ ಸವಾರರೂ ಹತ್ತಿರ ಇರಲೇಬೇಕು. ಅಂದರೆ ತಡೆಯಬೇಕಾದ ಕಥೆಯೇ ಅವರನ್ನು ಒಟ್ಟಿಗೆ ನೂಕುತ್ತದೆ. ನನಗೆ ಇದು ಕೊರತೆ. ಪ್ರೀತಿಯೇ ಮುಖ್ಯ, ಯುದ್ಧ ಹಿಂದೆ ಇರಲಿ ಅನ್ನುವವರಿಗೆ ಇದೇ ಗುಣ. ಹಾಸಿಗೆಯ ದೃಶ್ಯಗಳು ಬಿಚ್ಚುಬಿಚ್ಚಾಗಿವೆ. ಹದಿನೆಂಟು ದಾಟದ ಮಕ್ಕಳಿಗೆ ಕೊಡಬೇಡಿ. ಡ್ರ್ಯಾಗನ್ ಚಿತ್ರ ನೋಡಿ ಮಕ್ಕಳ ಪುಸ್ತಕ ಅಂದುಕೊಂಡು ತಂದ ತಾಯಂದಿರು ಇದ್ದಾರೆ. ಇಂಗ್ಲಿಷ್ ಈ ಪಟ್ಟಿಯಲ್ಲೇ ಅತಿ ಸುಲಭ. ಇಂಗ್ಲಿಷಿನಲ್ಲಿ ಮೊದಲ ದಪ್ಪ ಪುಸ್ತಕ ಓದುವವರಿಗೆ ಧೈರ್ಯ ಕೊಡುತ್ತದೆ.

ದಿ ಸಿಟಿ ಆಫ್ ಬ್ರಾಸ್

ಶಾನನ್ ಚಕ್ರಬೋರ್ತಿ ಅವರ ಮೂರು ಪುಸ್ತಕಗಳ ಕಥೆ, 2017ರಿಂದ 2020ರ ಒಳಗೆ ಮುಗಿದಿದೆ. 18ನೇ ಶತಮಾನದ ಕೈರೋ. ನಹ್ರಿ ಜನರಿಗೆ ಮೋಸ ಮಾಡಿ ಬದುಕುವ ಹುಡುಗಿ. ಮೈಮೇಲೆ ದೆವ್ವ ಬಂದ ಒಂದು ಮಗುವಿಗಾಗಿ ಹಾಡಿ ಕುಣಿಯುವ ರಾತ್ರಿಯ ವಿಧಿಯಲ್ಲಿ, ಸುಮ್ನೆ ತನಗೆ ಗೊತ್ತಿದ್ದ ಯಾವುದೋ ಭಾಷೆಯಲ್ಲಿ ಒಂದು ಹಾಡು ಹೇಳುತ್ತಾಳೆ. ಅದಕ್ಕೆ ನಿಜವಾಗಿಯೂ ಒಬ್ಬ ಬರುತ್ತಾನೆ, ಬೆಂಕಿಯಿಂದ ಹುಟ್ಟಿದ ದಾರಾ ಅನ್ನುವ ಯೋಧ. ದೈವದ ತೆರೆ ಕಟ್ಟುವ ರಾತ್ರಿ ಚೆಂಡೆಯ ಸದ್ದಿನಲ್ಲಿ ಮೈಮೇಲೆ ದರ್ಶನ ಬರುವುದನ್ನು ನೋಡಿ ಬೆಳೆದವರಿಗೆ ಈ ಅಧ್ಯಾಯ ಓದುವಾಗ ಮೈ ಜುಮ್ಮೆನ್ನುತ್ತದೆ.

ಇಲ್ಲಿ ತಡೆಯುವುದು ರಕ್ತದ ಲೆಕ್ಕ. ದಾರಾನಂತೆ ಬೆಂಕಿಯಿಂದ ಹುಟ್ಟಿದ ಜಿನ್‌ಗಳ ಊರಿನಲ್ಲಿ ಅರ್ಧ ಮನುಷ್ಯರಾದವರು ಕೀಳು, ಅವರೊಂದಿಗೆ ಬೆರೆಯುವುದು ಹಳೆಯ ಕಟ್ಟಳೆಯಲ್ಲಿ ಪಾಪ. ಅದಕ್ಕಿಂತ ದೊಡ್ಡ ಬೇಲಿ ದಾರಾನ ಹಿಂದಿನ ಕೆಲಸಗಳು. ಅವನು ಏನು ಮಾಡಿದ್ದ ಅಂತ ನಹ್ರಿಗೆ ಸ್ವಲ್ಪ ಸ್ವಲ್ಪವಾಗಿ ತಿಳಿಯುತ್ತದೆ. ಅಂಥವನನ್ನು ಪ್ರೀತಿಸಬಹುದೇ? ಪುಸ್ತಕ ಈ ಪ್ರಶ್ನೆಯಿಂದ ನುಣುಚಿಕೊಳ್ಳುವುದಿಲ್ಲ. ಹಾಸಿಗೆ ದೃಶ್ಯಗಳ ಮುಜುಗರ ಇಲ್ಲ, ಮನೆಯಲ್ಲಿ ಎಲ್ಲರೂ ಓದಬಹುದು. ಅರಮನೆ ರಾಜಕೀಯ ಜಾಸ್ತಿ, ಪಂಗಡಗಳ ಹೆಸರು ಜಾಸ್ತಿ. ಕೊನೆಯಲ್ಲಿ ಪದಗಳ ಅರ್ಥ ಕೊಟ್ಟಿದ್ದಾರೆ, ಅಲ್ಲೊಂದು ಚೀಟಿ ಸಿಕ್ಕಿಸಿಟ್ಟುಕೊಳ್ಳಿ.

ದಿ ಚಿಲ್ಡ್ರನ್ ಆಫ್ ಹ್ಯೂರಿನ್

ಒಂದೇ ಪುಸ್ತಕ ಸಾಕು ಅನ್ನುವವರಿಗೆ ಇದು. 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಬರೆದ ಟೋಲ್ಕಿನ್ ತೀರಿಕೊಂಡ ಮೇಲೆ, ಮಗ ಕ್ರಿಸ್ಟೋಫರ್ ಟೋಲ್ಕಿನ್ ಹಸ್ತಪ್ರತಿಗಳನ್ನು ಜೋಡಿಸಿ 2007ರಲ್ಲಿ ಹೊರತಂದದ್ದು. ಒಬ್ಬ ವೀರ ದುಷ್ಟ ಒಡೆಯನ ಕೈಗೆ ಸೆರೆ ಸಿಗುತ್ತಾನೆ. ಒಡೆಯ ಅವನ ಮನೆತನಕ್ಕೆ ಶಾಪ ಹಾಕುತ್ತಾನೆ. ಆಮೇಲೆ ಬೆಟ್ಟದ ಮೇಲೆ ಒಂದು ಕುರ್ಚಿಯಲ್ಲಿ ಕೂರಿಸಿ, ತನ್ನ ಮಕ್ಕಳ ಬಾಳು ಹಾಳಾಗುವುದನ್ನು ಕೂತಲ್ಲಿಂದಲೇ ನೋಡುವಂತೆ ಮಾಡುತ್ತಾನೆ.

ಇದರ ಬೇಲಿ ಎಲ್ಲಕ್ಕಿಂತ ವಿಚಿತ್ರ. ಪ್ರೀತಿಸುವ ಇಬ್ಬರಿಗೂ ನಡುವೆ ಬೇಲಿ ಇದೆ ಅಂತಲೇ ಗೊತ್ತಿಲ್ಲ. ಓದುವ ನಮಗೆ ಮಾತ್ರ ಗೊತ್ತು. ಅವರು ನಗುವ ಪ್ರತಿ ಸಾಲಿನಲ್ಲೂ ನಮಗೆ ಎದೆ ಹಿಂಡುತ್ತದೆ. ಇದರಲ್ಲಿ ಬಿಚ್ಚು ದೃಶ್ಯವಿಲ್ಲ, ಬೈಗುಳವಿಲ್ಲ. ಆದರೂ ಮುಗಿಸಿದ ದಿನ ನನಗೆ ರಾತ್ರಿ ಊಟ ಸೇರಲಿಲ್ಲ. ಭಾಷೆ ಹಳೆಯ ಕಾಲದ ಇಂಗ್ಲಿಷ್, ಪುರಾಣ ಹೇಳುವವರ ಧಾಟಿ. ಮನಸ್ಸು ಭಾರವಾಗಿರುವ ದಿನಗಳಲ್ಲಿ ಇದನ್ನು ಕೈಗೆತ್ತಿಕೊಳ್ಳಬೇಡಿ.

ಯಶೋಧರ ಚರಿತೆ

ಈ ಹೆಸರನ್ನು ಇಲ್ಲಿ ಯಾಕೆ ತಂದೆ ಅಂತ ಕೇಳುವವರಿಗೆ ನನ್ನ ಉತ್ತರ ಇಷ್ಟೇ: ಮೇಲಿನ ಐದು ಪುಸ್ತಕಗಳಲ್ಲಿ ನೀವು ಹುಡುಕುತ್ತಿರುವುದೆಲ್ಲ ಇದರಲ್ಲಿದೆ. ಅದೂ ಕನ್ನಡದಲ್ಲಿ. ಹೊಯ್ಸಳರ ಆಸ್ಥಾನದ ಜನ್ನ ಇದನ್ನು 1209ರಲ್ಲಿ ಬರೆದ. ನಾಲ್ಕು ಅವತಾರ, ಅಂದರೆ ಅಧ್ಯಾಯ, ಮುನ್ನೂರು ಚಿಲ್ಲರೆ ಪದ್ಯ. ಮಾರ್ಟಿನ್ ಅವರ ನಾಲ್ಕೈದು ಅಧ್ಯಾಯದಷ್ಟೂ ಉದ್ದವಿಲ್ಲ.

ಉಜ್ಜಯಿನಿಯ ಅರಸ ಯಶೋಧರ, ರಾಣಿ ಅಮೃತಮತಿ. ಬೆಳಗಿನ ಜಾವದಲ್ಲಿ ಆನೆಲಾಯದ ಕಡೆಯಿಂದ ಒಂದು ಹಾಡು ತೇಲಿ ಬರುತ್ತದೆ. ಅರಸನ ಪಕ್ಕದಲ್ಲಿ ಮಲಗಿದ್ದ ರಾಣಿಗೆ ಎಚ್ಚರವಾಗುತ್ತದೆ. ಹಾಡಿದವನು ಯಾರು ಅಂತ ನೋಡಿ ಬಾ ಅಂತ ಗೆಳತಿಯನ್ನು ಕಳಿಸುತ್ತಾಳೆ. ಅವಳು ನೋಡಿ ಬಂದು, ಅಯ್ಯೋ ಅವನು ಮಾವುತ, ಅಂಕುಡೊಂಕು ಮೈಯವನು, ನೋಡಲಾಗದಷ್ಟು ಕುರೂಪಿ ಅನ್ನುತ್ತಾಳೆ. ರಾಣಿಗೆ ಅದು ಲೆಕ್ಕಕ್ಕೇ ಬರುವುದಿಲ್ಲ. ಹಾಡು ಕೇಳಿಸಿದ್ದಾಗಿದೆ. ಒಂದು ರಾತ್ರಿ ಅವಳು ತಡವಾಗಿ ಹೋಗುತ್ತಾಳೆ, ಮಾವುತ ಅವಳನ್ನು ಹೊಡೆಯುತ್ತಾನೆ, ಅವಳು ಅವನ ಕಾಲು ಹಿಡಿಯುತ್ತಾಳೆ. ಮರೆಯಲ್ಲಿ ನಿಂತ ಅರಸ ಅದನ್ನೆಲ್ಲ ನೋಡುತ್ತಾನೆ. ಕತ್ತಿಗೆ ಕೈ ಹೋಗುತ್ತದೆ, ಆದರೆ ಬೀಸುವುದಿಲ್ಲ.

ಮುಂದಿನದು ಇನ್ನೂ ಕತ್ತಲು. ಕೆಟ್ಟ ಕನಸು ಬಿತ್ತು ಅಂತ ಅರಸ ತಾಯಿಯ ಹತ್ತಿರ ಸುಳ್ಳು ಹೇಳುತ್ತಾನೆ. ಬಲಿ ಕೊಡು ಅನ್ನುತ್ತಾಳೆ ತಾಯಿ. ಜೀವ ತೆಗೆಯಲು ಅವನು ಒಪ್ಪುವುದಿಲ್ಲ. ಕೊನೆಗೆ ಹಿಟ್ಟಿನಲ್ಲಿ ಕೋಳಿ ಮಾಡಿ ಕತ್ತರಿಸುತ್ತಾರೆ. ಕತ್ತಿ ಬಿದ್ದ ಕೂಡಲೇ ಆ ಹಿಟ್ಟಿನ ಕೋಳಿ ಕೂಗುತ್ತದೆ. ಆ ಒಂದು ಕೂಗು ಸಾಕು. ಡ್ರ್ಯಾಗನ್ ಬೆಂಕಿ ಉಗುಳಿದಾಗಲೂ ನನಗೆ ಹಾಗೆ ಹೆದರಿಕೆ ಆಗಿರಲಿಲ್ಲ. ರಾಣಿ ಇಬ್ಬರಿಗೂ ವಿಷ ಹಾಕುತ್ತಾಳೆ. ತಾಯಿ ಮಗ ಪ್ರಾಣಿಗಳಾಗಿ ಹುಟ್ಟಿ, ಸತ್ತು, ಮತ್ತೆ ಹುಟ್ಟಿ ನರಳುತ್ತಾರೆ.

ಇದು ಜೈನ ಧರ್ಮದ ಕಾವ್ಯ, ಜನ್ನ ಅಮೃತಮತಿಯನ್ನು ಕ್ಷಮಿಸುವುದಿಲ್ಲ. ಆದರೆ ಆ ಹಾಡಿನ ರಾತ್ರಿಯನ್ನು ಬರೆಯುವಾಗ ಅವನೂ ಅವಳ ಜೊತೆ ಕಿವಿಗೊಟ್ಟು ಕೂತಿದ್ದಾನೆ. ಬೇಲಿಯ ವಿಷಯದಲ್ಲಿ ನನ್ನ ಪೂರ್ತಿ ಅಂಕ ಇದಕ್ಕೇ. ಇಲ್ಲಿ ಮುರಿದದ್ದು ಒಂದು ಜನ್ಮದಲ್ಲಿ ಸರಿಹೋಗುವುದಿಲ್ಲ.

ಕಷ್ಟ ಅಂದರೆ ಹಳಗನ್ನಡ. ಗದ್ಯದ ಅರ್ಥ ಜೊತೆಗಿರುವ ಪ್ರತಿ ಹುಡುಕಿ. ಮೊದಲು ಗದ್ಯ ಓದಿ, ಆಮೇಲೆ ಪದ್ಯವನ್ನು ಗಟ್ಟಿಯಾಗಿ ಓದಿ, ಕಂದಪದ್ಯದ ನಡಿಗೆ ಬಾಯಿಗೆ ಬೇಗ ಹತ್ತುತ್ತದೆ. ಅದೂ ಆಗದಿದ್ದರೆ ಗಿರೀಶ ಕಾರ್ನಾಡರ 'ಹಿಟ್ಟಿನ ಹುಂಜ' ಇದೆ. ಇದೇ ಕಥೆಯ ನಾಟಕ, ಹೊಸಗನ್ನಡ, ಒಂದು ಸಂಜೆಯಲ್ಲಿ ಮುಗಿಯುತ್ತದೆ. ಅಲ್ಲಿ ರಾಣಿಯ ಮಾತಿಗೂ ಜಾಗ ಸಿಕ್ಕಿದೆ.

ಖರ್ಚು, ಮತ್ತು ನಮ್ಮ ಮಳೆ

ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಮೊದಲು 'ಹಿಟ್ಟಿನ ಹುಂಜ' ಅಥವಾ ಯಶೋಧರ ಚರಿತೆ. ಕನ್ನಡ ಪುಸ್ತಕದ ಬೆಲೆ ಕಡಿಮೆ, ಮಡಿಕೇರಿಯ ಗ್ರಂಥಾಲಯದಲ್ಲೂ ಕೇಳಿ ನೋಡಬಹುದು. ಒಂದು ಇಂಗ್ಲಿಷ್ ಪುಸ್ತಕಕ್ಕೆ ಸಾಕಾಗುವಷ್ಟಿದ್ದರೆ ಹ್ಯೂರಿನ್, ಯಾಕೆಂದರೆ ಅಲ್ಲಿಗೆ ಕಥೆ ಪೂರ್ತಿ. ಮೂರಕ್ಕೆ ಆಗುವಷ್ಟಿದ್ದರೆ ಜಾಸ್ಮಿನ್ ಅಥವಾ ಸಿಟಿ ಆಫ್ ಬ್ರಾಸ್. ಮೂರನ್ನೂ ಒಟ್ಟಿಗೆ ತರಿಸಬೇಡಿ. ಮೊದಲನೆಯದು ತಂದು ಐವತ್ತು ಪುಟ ಓದಿ ನೋಡಿ. ಹಿಡಿಸಿದರೆ ಮಳೆ ಜೋರಾಗುವ ಮೊದಲೇ ಎರಡನೆಯದಕ್ಕೆ ಹೇಳಿಬಿಡಿ. ಜುಲೈನಲ್ಲಿ ರಸ್ತೆ ಕುಸಿದರೆ ಕೊರಿಯರ್ ಎಲ್ಲಿ ನಿಲ್ಲುತ್ತದೋ ಹೇಳಲಾಗದು.

ಫುಟ್‌ಪಾತಿನಲ್ಲಿ ಅರ್ಧ ಬೆಲೆಗೆ ಸಿಗುವ ನಕಲಿ ಪ್ರತಿಯ ಆಸೆ ಬೇಡ. ಮೈಸೂರಿಗೆ ಹೋದಾಗ ನಾನೊಮ್ಮೆ ತಂದೆ. 32 ಪುಟ ಎರಡೆರಡು ಸಲ ಇತ್ತು, ಅದರ ಮುಂದಿನ 32 ಪುಟ ಇರಲೇ ಇಲ್ಲ. ಹೋದದ್ದು ಯಾವ ಭಾಗ ಗೊತ್ತೇ? ಕಥೆಯ ಇಬ್ಬರು ಪ್ರೇಮಿಗಳು ಮೊದಲ ಸಲ ಬಾಯಿಬಿಟ್ಟು ಮಾತಾಡಿಕೊಳ್ಳುವ ಭಾಗ. ಬರೆದವರಿಗೂ ಒಂದು ರೂಪಾಯಿ ಹೋಗಲಿಲ್ಲ, ನನಗೂ ಕಥೆ ಸಿಗಲಿಲ್ಲ.

ಫೋನಿನಲ್ಲಿ ಓದುವವರಿಗೆ ಇ-ಪುಸ್ತಕ ಅಗ್ಗ, ಅಕ್ಷರ ದೊಡ್ಡದು ಮಾಡಿಕೊಳ್ಳಬಹುದು. ಆದರೆ ಕರೆಂಟ್ ಹೋದ ಮೂರನೆಯ ದಿನ ಇನ್ವರ್ಟರೂ ಕೈಕೊಡುತ್ತದೆ. ಅದಕ್ಕೇ ಒಂದಾದರೂ ಕಾಗದದ್ದು ಇರಲಿ. ದಪ್ಪ ಪೇಪರ್‌ಬ್ಯಾಕಿಗೆ ನಮ್ಮ ತೇವದಲ್ಲಿ ಬೇಗ ಬೂಷ್ಟು ಹಿಡಿಯುತ್ತದೆ. ಓದಿ ಮುಗಿಸಿದ್ದನ್ನು ನ್ಯೂಸ್ ಪೇಪರಿನಲ್ಲಿ ಸುತ್ತಿ, ಅಡುಗೆಮನೆ ಒಲೆಯ ಮೇಲಿನ ಅಟ್ಟದಲ್ಲಿಡಿ. ಸ್ವಲ್ಪ ಹೊಗೆ ವಾಸನೆ ಬರುತ್ತದೆ, ಪುಸ್ತಕ ಉಳಿಯುತ್ತದೆ.

ಯಾರು ಏನು ಒಯ್ದರು

ಅಕ್ಕನ ಮಗಳಿಗೆ ನಾನು ಫೋರ್ತ್ ವಿಂಗ್, ಜಾಸ್ಮಿನ್ ಥ್ರೋನ್ ಎರಡನ್ನೂ ಎದುರಿಗಿಟ್ಟು ಒಂದೇ ಮಾತು ಕೇಳಿದೆ. ಓಡಿಸಿಕೊಂಡು ಹೋಗುವ ಕಥೆ ಬೇಕಾ, ಮುಗಿದ ಮೇಲೂ ಕಾಡುವ ಕಥೆ ಬೇಕಾ? ಪರೀಕ್ಷೆ ಮುಗಿಸಿ ಬಂದಿದ್ದಳು, ತಲೆ ದಣಿದಿತ್ತು. ಫೋರ್ತ್ ವಿಂಗ್ ಎತ್ತಿಕೊಂಡಳು. ಸರಿಯಾದ ಆಯ್ಕೆಯೇ. ಆಗಸ್ಟಿನಲ್ಲಿ ಜಾಸ್ಮಿನ್ ಥ್ರೋನ್ ಒಯ್ಯುತ್ತೇನೆ ಅಂತ ಅವಳೇ ಹೇಳಿದ್ದಾಳೆ.

ಮಾವನಿಗೆ ಮಾರ್ಟಿನ್ ಕೊಡೋಣ ಅಂದುಕೊಂಡಿದ್ದೆ. ಮುಗಿಯದ ಕಥೆ ಅಂತ ಗೊತ್ತಾದ ಕೂಡಲೇ ಬೇಡ ಅಂದರು. ಅವರಿಗೆ ಎಪ್ಪತ್ತೆರಡು. ಕಾಯುವುದು ತನಗಾಗದು ಅಂದರು. ಸಿಟಿ ಆಫ್ ಬ್ರಾಸಿನ ಮೊದಲ ಭಾಗ ಒಯ್ದಿದ್ದಾರೆ. ಯುದ್ಧದಲ್ಲಿ ಆಜ್ಞೆ ಪಾಲಿಸಿ ಮಾಡಿದ್ದು ಯಾರ ಪಾಪ ಅನ್ನುವ ದಾರಾನ ಸಂಕಟದ ಬಗ್ಗೆ ಅವರ ಹತ್ತಿರ ಮಾತಾಡಬೇಕು ಅಂತ ನನಗೆ ಆಸೆಯಿದೆ.

ರೈಟರ್ ಅಣ್ಣ ಇಂಗ್ಲಿಷ್ ಬೇಡವೇ ಬೇಡ ಅಂದರು. 'ಹಿಟ್ಟಿನ ಹುಂಜ' ಒಯ್ದು ಮೂರೇ ದಿನಕ್ಕೆ ವಾಪಸ್ ತಂದರು. ಈಗ ಜನ್ನನನ್ನು ಓದುತ್ತಿದ್ದಾರೆ. ಮೊನ್ನೆ ಛತ್ರಿ ಮಡಚಿ ಜಗಲಿಯಲ್ಲಿ ಕೂತು, "ಆ ಮಾವುತ ಹಾಡಿದ್ದಾದರೂ ಏನು?" ಅಂತ ಕೇಳಿದರು. ನನಗೆ ಹೇಳಲಾಗಲಿಲ್ಲ. ಅವರ ಪರಿಚಯದ ಕಾವಾಡಿಯೊಬ್ಬರು, ಅಂದರೆ ಮಾವುತನ ಸಹಾಯಕರು, ದುಬಾರೆಯ ಆನೆ ಶಿಬಿರದಲ್ಲಿದ್ದಾರೆ. ಬೆಳಗಿನ ಜಾವ ಆನೆ ಬಿಚ್ಚುವಾಗ ಅವರೂ ಹಾಡುತ್ತಾರಾ, ಹಾಡಿದರೆ ಯಾವ ಹಾಡು ಅಂತ, ಮಳೆ ಸ್ವಲ್ಪ ಬಿಟ್ಟ ಮೇಲೆ ಹೋಗಿ ಕೇಳಿ ಬರುತ್ತಾರಂತೆ.